ಮಾನಿಟರ್‌ನಿಂದ ಅತಿಥಿ ಶಿಕ್ಷಕರವರೆಗೆ

ಜೂನ್ ತಿಂಗಳಿನಲ್ಲಿ ಶಾಲೆಗಳು ಆರಂಭವಾಗುವ ಹೊತ್ತಿಗೆ ಬೆಳಗಾವಿ ನಗರದಲ್ಲಿಯೂ ಖಾನಾಪುರದ ಹಳ್ಳಿಗಳಲ್ಲಿಯೂ ಎರಡು ಬಗೆಯ ಹುಡುಕಾಟ ನಡೆಯುತ್ತದೆ. ಮಾಸ್ತರರಿಲ್ಲದ ಶಾಲೆಗಳು ಮಾಸ್ತರರನ್ನು ಹುಡುಕುತ್ತವೆ. ಮಾಸ್ತರಿಕೆಯ ತರಬೇತಿ ಮುಗಿಸಿದವರು ಶಾಲೆಗಳನ್ನು ಹುಡುಕುತ್ತಾರೆ. ಇವರಿಬ್ಬರೂ ಕೊನೆಗೆ ಸಂಧಿಸುವುದು ‘ಅತಿಥಿ ಶಿಕ್ಷಕ’ ಎಂಬ ಹೆಸರಿನಲ್ಲಿ. ಅದನ್ನು ಹುದ್ದೆ ಎನ್ನುವಂತಿಲ್ಲ. ಮಂಜೂರಾದ ಹುದ್ದೆ ಖಾಲಿ ಬಿದ್ದಾಗ, ಆ ಒಂದು ವರ್ಷದ ಮಟ್ಟಿಗೆ ಪಾಠ ನಿಲ್ಲದಿರಲೆಂದು ಮಾಡಿಕೊಂಡ ಏರ್ಪಾಡು ಅದು.

ಎರಡು ವರ್ಷ ಡಿ.ಇಡಿ. ಇಲ್ಲವೆ ಬಿ.ಇಡಿ. ಓದಿ, ಮಕ್ಕಳ ಮನಃಶಾಸ್ತ್ರದಿಂದ ಹಿಡಿದು ಪಾಠಟಿಪ್ಪಣಿಯವರೆಗೆ ಎಲ್ಲವನ್ನೂ ಕಲಿತು ಬಂದವರು ಗೌರವಧನದ ಮೇಲೆ ಕೈನೆರವಿನವರಾಗಿ ನಿಲ್ಲುವುದು ಏಕೆ? ಇತಿಹಾಸವನ್ನು ನೋಡಿದರೆ ಸಹಾಯಕ ಮಾಸ್ತರಿಕೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಶಾಲೆ ಎಂಬುದು ಇರುವಷ್ಟು ಕಾಲದಿಂದಲೂ ಅದು ಇದೆ. ಬದಲಾಗಿರುವುದು ಅದರ ಕ್ರಮ. ಹಿಂದೆ ಮೊದಲು ಸಹಾಯಕನಾಗಬೇಕಿತ್ತು, ಆಮೇಲೆ ತರಬೇತಿ, ಅದರ ಮೇಲೆ ಮಾಸ್ತರಿಕೆ. ಈಗ ಮೊದಲು ತರಬೇತಿ, ಆಮೇಲೆ ಸಹಾಯಕನ ಕೆಲಸ. ಅದರ ಮುಂದಿನ ಮೆಟ್ಟಿಲು ಎಲ್ಲಿದೆ ಎಂಬುದು ಯಾರಿಗೂ ಖಚಿತವಿಲ್ಲ. ಈ ತಿರುವುಮುರುವು ಹೇಗಾಯಿತೆಂದು ತಿಳಿಯಲು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಮರಳಿನ ಮೇಲಿನ ಪಾಠ

ಬ್ರಿಟಿಷರು ಬರುವ ಮೊದಲು ಕನ್ನಡ ನಾಡಿನ ಊರೂರುಗಳಲ್ಲಿ ಗಾಂವಠಿ ಶಾಲೆಗಳಿದ್ದವು. ಮೈಸೂರು ಕಡೆ ಇವಕ್ಕೆ ಕೂಲಿಮಠ ಎಂಬ ಹೆಸರಿತ್ತು. ಗುಡಿಯ ಪೌಳಿಯಲ್ಲಿಯೋ ಮಠದ ಕಟ್ಟೆಯ ಮೇಲೆಯೋ ಒಬ್ಬರೇ ಪಂತೋಜಿ ಕುಳಿತು ಎಲ್ಲ ವಯಸ್ಸಿನ ಹುಡುಗರಿಗೂ ಕಲಿಸುತ್ತಿದ್ದರು. ಚಿಕ್ಕವರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ತಿದ್ದಿಸುವ ಕೆಲಸ ಹೆಚ್ಚಾಗಿ ದೊಡ್ಡ ಹುಡುಗರದು. ಮಗ್ಗಿ ಹೇಳಿಕೊಡುವವರೂ ಅವರೇ. ಹೀಗೆ ಒಬ್ಬ ಪಂತೋಜಿಯ ಶಾಲೆಯಲ್ಲಿ ನಾಲ್ಕಾರು ಮಂದಿ ಚಿಕ್ಕ ಪಂತೋಜಿಗಳೂ ತಯಾರಾಗುತ್ತಿದ್ದರು.

ಈ ಪದ್ಧತಿಗೆ ಬರೆದಿಟ್ಟ ಸಾಕ್ಷ್ಯವೂ ಇದೆ. ಮದರಾಸು ಗವರ್ನರ್ ಥಾಮಸ್ ಮನ್ರೋ ಅವರು 1822ರಲ್ಲಿ ಪ್ರಾಂತದ ಶಾಲೆಗಳ ವಿವರ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಒಂದು ದೀರ್ಘ ವರದಿ ಕಳಿಸಿದರು. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಒಟ್ಟು ವಿದ್ಯಾರ್ಥಿಗಳು 6,641. ಎಂದರೆ ಒಂದು ಶಾಲೆಗೆ ಸರಾಸರಿ 12 ಹುಡುಗರು. ಮುಂದುವರಿದ ಹುಡುಗರು ಹಿಂದುಳಿದವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವ ರೀತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿ ಬರೆದರು. ಇಂಗ್ಲೆಂಡಿನವರು ಅದನ್ನು ಅನುಕರಿಸಿದ್ದು ಯೋಗ್ಯವೇ ಎಂದೂ ಹೇಳಿದರು.

ಕ್ಯಾಂಪ್‌ಬೆಲ್ ಹೇಳಿದ ಆ ಅನುಕರಣೆಯ ಕತೆ ಸ್ವಾರಸ್ಯಕರವಾದುದು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ 1789ರಲ್ಲಿ ತೆರೆದ ಆಶ್ರಮಕ್ಕೆ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮೇಲ್ವಿಚಾರಕರಾದರು. ಸ್ಥಳೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ನೋಡಿ, ತಮ್ಮಲ್ಲಿಯೂ ಅದನ್ನು ತರಲು ಅವರು ಹೊರಟರು. ಆಶ್ರಮದ ಮಾಸ್ತರರು ಒಪ್ಪಲಿಲ್ಲ. ಆಗ ಬೆಲ್ ಎಂಟು ವರ್ಷದ ಹುಡುಗನೊಬ್ಬನನ್ನು ಕರೆದು ಕೆಳಗಿನ ತರಗತಿಯನ್ನು ಅವನಿಗೇ ಒಪ್ಪಿಸಿದರು. ಹುಡುಗ ಗೆದ್ದ. 1797ರಲ್ಲಿ ಲಂಡನ್ನಿನಲ್ಲಿ ಬೆಲ್ ಈ ಪ್ರಯೋಗದ ಪುಸ್ತಕ ಪ್ರಕಟಿಸಿದರು. ಮರುವರ್ಷ ಜೋಸೆಫ್ ಲ್ಯಾಂಕಾಸ್ಟರ್ ಲಂಡನ್ನಿನಲ್ಲಿ ಶಾಲೆ ತೆರೆದು, ಇಂಥದೇ ವಿಧಾನವನ್ನು ಅಲ್ಲಿ ಬೆಳೆಸಿದರು. ‘ಮದರಾಸು ಪದ್ಧತಿ’ ಎಂದೂ ‘ಮಾನಿಟರ್ ಪದ್ಧತಿ’ ಎಂದೂ ಇದು ಹೆಸರಾಯಿತು. ಇವತ್ತಿಗೂ ನಮ್ಮ ಶಾಲೆಗಳಲ್ಲಿ ತರಗತಿಗೊಬ್ಬ ಮಾನಿಟರ್ ಇರುತ್ತಾನಲ್ಲ, ಆ ಪದದ ಹಿಂದೆ ಇಷ್ಟು ಪ್ರಯಾಣವಿದೆ.

ಮೊದಲು ಕೈನೆರವು, ಆಮೇಲೆ ತರಬೇತಿ

ಮಾನಿಟರ್ ಪದ್ಧತಿಯ ಆಕರ್ಷಣೆ ಅದರ ಅಗ್ಗದ ಖರ್ಚು. ಅದರ ಕುಂದೂ ಅಲ್ಲಿಯೇ ಇತ್ತು. ಹುಡುಗ ಹೇಳಿಕೊಟ್ಟದ್ದು ಬಾಯಿಪಾಠಕ್ಕೆ ಸಾಕಾಗುತ್ತಿತ್ತು, ತಿಳಿವಳಿಕೆಗೆ ಸಾಲುತ್ತಿರಲಿಲ್ಲ. ಆದ್ದರಿಂದ ಇಂಗ್ಲೆಂಡಿನಲ್ಲಿ 1846ರಲ್ಲಿ ಜೇಮ್ಸ್ ಕೇ-ಷಟಲ್‌ವರ್ತ್ ಅವರ ಪ್ರಯತ್ನದಿಂದ ಹೊಸ ಕ್ರಮವೊಂದು ಬಂತು. 13 ವರ್ಷ ತುಂಬಿದ ಜಾಣ ಮಕ್ಕಳನ್ನು ಐದು ವರ್ಷದ ಕರಾರಿನ ಮೇಲೆ ಶಾಲೆಯಲ್ಲಿಯೇ ಕಲಿಕೆಯ ಸಹಾಯಕರನ್ನಾಗಿ ಇಟ್ಟುಕೊಳ್ಳುವುದು, ಹಗಲು ಅವರು ಪಾಠಕ್ಕೆ ನೆರವಾಗುವುದು, ಶಾಲೆಯ ವೇಳೆಯ ಆಚೆಗೆ ಹೆಡ್ ಮಾಸ್ತರರಿಂದ ತಾವು ಪಾಠ ಹೇಳಿಸಿಕೊಳ್ಳುವುದು, ಅವಧಿ ಮುಗಿದ ಮೇಲೆ ಪರೀಕ್ಷೆಯಲ್ಲಿ ಗೆದ್ದವರು ವಿದ್ಯಾರ್ಥಿವೇತನದೊಂದಿಗೆ ತರಬೇತಿ ಕಾಲೇಜಿಗೆ ಹೋಗುವುದು. ನೇಕಾರನ ಮಗ್ಗದ ಬಳಿ, ಬಡಿಗನ ಉಳಿಯ ಬಳಿ ಹುಡುಗರು ಕೆಲಸ ಕಲಿಯುವ ಹಾಗೆಯೇ ಇದು.

1854ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಬಂದ ವುಡ್ ಅವರ ಶಿಕ್ಷಣ ಸುತ್ತೋಲೆ ಭಾರತಕ್ಕೂ ಇದೇ ದಾರಿಯನ್ನು ಸೂಚಿಸಿತು. ಹುಡುಗರನ್ನು ಆರಿಸಿ ಭತ್ಯೆ ಕೊಟ್ಟು ಶಾಲೆಯಲ್ಲಿ ಸಹಾಯಕರಾಗಿ ನಿಲ್ಲಿಸಬೇಕು. ಅವರಿಗೆ ಕಲಿಸುವ ಮಾಸ್ತರರಿಗೂ ಅಲ್ಪಸ್ವಲ್ಪ ಸಂಭಾವನೆ ಸಲ್ಲಬೇಕು. ಯೋಗ್ಯರಾದವರು ನಾರ್ಮಲ್ ಸ್ಕೂಲಿಗೆ ಹೋಗಬೇಕು. ಅಲ್ಲಿಂದ ಪ್ರಮಾಣಪತ್ರ ಪಡೆದು ಬಂದ ಮೇಲೆ ಅವರಿಗೆ ಕೆಲಸ ಸಿಗಬೇಕು. ಈ ಸರಪಳಿಯಲ್ಲಿ ಒಂದೊಂದು ಕೊಂಡಿಯೂ ಮುಂದಿನದಕ್ಕೆ ಕೂಡಿಕೊಂಡಿತ್ತೆಂಬುದು ಗಮನಾರ್ಹ. ಸಹಾಯಕನಾಗಿ ನಿಂತ ಹುಡುಗನಿಗೆ ತನ್ನ ನಾಳೆ ಏನೆಂಬುದು ಗೊತ್ತಿತ್ತು.

ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1855ರಲ್ಲಿ ಪ್ರಾಂತದ ಶಿಕ್ಷಣ ಇಲಾಖೆ ಸ್ಥಾಪನೆಯಾಗಿ ಸಿ.ಜೆ. ಅರ್ಸ್ಕಿನ್ ಅದರ ಮೊದಲ ನಿರ್ದೇಶಕರಾದರು. ಮರುವರ್ಷ ಧಾರವಾಡದಲ್ಲಿ ಕನ್ನಡ ಮಾಸ್ತರರನ್ನು ತಯಾರಿಸುವ ನಾರ್ಮಲ್ ಸ್ಕೂಲು ಆರಂಭವಾಯಿತು. ಮುಂದೆ ಟ್ರೇನಿಂಗ್ ಕಾಲೇಜ್ ಎಂದು ಹೆಸರು ಪಡೆದ ಈ ಸಂಸ್ಥೆ ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗಳ ಕನ್ನಡ ಶಾಲೆಗಳಿಗೆಲ್ಲ ತಾಯಿಬೇರು ಇದ್ದಂತೆ.

ಡೆಪ್ಯುಟಿ ಚನ್ನಬಸಪ್ಪನವರ ಕಾಲ

ಈ ಕತೆಯಲ್ಲಿ ಬೆಳಗಾವಿಯ ಪಾತ್ರ ದೊಡ್ಡದಾದದ್ದು ಡೆಪ್ಯುಟಿ ಚನ್ನಬಸಪ್ಪನವರಿಂದ (1834–1881). ಧಾರವಾಡದಲ್ಲಿ ಹುಟ್ಟಿ, ಪುಣೆಯಲ್ಲಿ ಓದಿ ಬಂದ ಅವರು ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿದ್ದು, ಆಮೇಲೆ ಡೆಪ್ಯುಟಿ ಎಜ್ಯುಕೇಶನಲ್ ಇನ್‌ಸ್ಪೆಕ್ಟರ್ ಆಗಿ ಬೆಳಗಾವಿ ಜಿಲ್ಲೆಗೆ ಬಂದರು. ಆ ಕಾಲದಲ್ಲಿ ಕನ್ನಡ ಮಾತನಾಡುವ ಊರುಗಳಲ್ಲಿಯೂ ಸರಕಾರಿ ಶಾಲೆ ಎಂದರೆ ಮರಾಠಿ ಶಾಲೆಯೇ ಆಗಿರುವುದು ಸಾಮಾನ್ಯವಾಗಿತ್ತು. ಮಕ್ಕಳು ಮನೆಯಲ್ಲಿ ಆಡುವ ಮಾತು ಒಂದು, ಪಾಟಿಯ ಮೇಲೆ ಬರೆಯುವ ಮಾತು ಇನ್ನೊಂದು. ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಯಿಸಿದರು.

ಶಾಲೆ ತೆರೆದರೆ ಮುಗಿಯಲಿಲ್ಲ. ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರು ಬೇಕಲ್ಲ! ಈ ಕೊರತೆಯನ್ನು ತುಂಬಿದ್ದು ಧಾರವಾಡದ ತರಬೇತಿ. ಹಳ್ಳಿಯ ಶಾಲೆಯಲ್ಲಿ ಓದಿ, ಅಲ್ಲಿಯೇ ಕೆಳಗಿನ ಇಯತ್ತೆಗಳಿಗೆ ಹೇಳಿಕೊಟ್ಟು ಪಳಗಿದ ಹುಡುಗ ಧಾರವಾಡಕ್ಕೆ ಹೋಗಿ ತರಬೇತಿ ಪಡೆದು ಮತ್ತೊಂದು ಹಳ್ಳಿಗೆ ಮಾಸ್ತರನಾಗಿ ಮರಳುತ್ತಿದ್ದ. ಹೀಗೆ ಚದುರಿಹೋದ ಮಾಸ್ತರರನ್ನು ಒಂದು ದಾರದಲ್ಲಿ ಪೋಣಿಸಲೆಂದು 1860ರ ದಶಕದಲ್ಲಿ ಬೆಳಗಾವಿಯಿಂದ ‘ಮಠಪತ್ರಿಕೆ’ ಎಂಬ ಶಿಕ್ಷಣ ಮಾಸಪತ್ರಿಕೆಯೂ ಹೊರಟಿತು. ಹೆಸರಿನಲ್ಲಿರುವ ‘ಮಠ’ ಎಂದರೆ ಶಾಲೆಯೇ. ಧಾರವಾಡದ ‘ಜೀವನ ಶಿಕ್ಷಣ’ ಪತ್ರಿಕೆ ತನ್ನ ಮೂಲವನ್ನು ಈ ಪತ್ರಿಕೆಯಲ್ಲಿ ಗುರುತಿಸಿಕೊಳ್ಳುತ್ತದೆ.

ಇಷ್ಟಕ್ಕೆಲ್ಲ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ರೈತನ ಕಂದಾಯದಲ್ಲಿದೆ. 1860ರ ದಶಕದಲ್ಲಿ ಮುಂಬಯಿ ಪ್ರಾಂತ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದು ಆಣೆಯ ಸ್ಥಳೀಯ ಕರ ಹಾಕಿತು. ಅದರ ಮೂರನೆಯ ಒಂದು ಪಾಲು ಶಾಲೆಗಳಿಗೆ, ಉಳಿದದ್ದು ರಸ್ತೆ ಮುಂತಾದವುಗಳಿಗೆ. ಕರ ಕೊಟ್ಟ ಹಳ್ಳಿ ಶಾಲೆಯನ್ನು ಕೇಳತೊಡಗಿತು. ಶಾಲೆಗಳು ಹೆಚ್ಚಿದವು. ತರಬೇತಿ ಪಡೆದವರು ಬೆರಳೆಣಿಕೆಯಷ್ಟಿದ್ದು ಖಾಲಿ ಜಾಗಗಳು ಹೇರಳವಾಗಿದ್ದುದರಿಂದ, ಪ್ರಮಾಣಪತ್ರ ಹಿಡಿದು ಬಂದವನು ಕೆಲಸಕ್ಕಾಗಿ ಕಾಯುವ ಪ್ರಸಂಗವೇ ಇರಲಿಲ್ಲ. ಕೆಲಸವೇ ಅವನಿಗಾಗಿ ಕಾಯುತ್ತಿತ್ತು.

ಮುಲ್ಕಿ ಪರೀಕ್ಷೆ ಪಾಸಾದವರು ತರಬೇತಿ ಇಲ್ಲದೆಯೂ ಮಾಸ್ತರರಾಗುತ್ತಿದ್ದರು. ಆದರೆ ಟ್ರೇನಿಂಗ್‌ನಲ್ಲಿ ಒಂದು ವರ್ಷ, ಎರಡು ವರ್ಷ, ಮೂರು ವರ್ಷ ಕಳೆದವರಿಗೆ ಬೇರೆಬೇರೆ ದರ್ಜೆಯ ಪ್ರಮಾಣಪತ್ರಗಳಿದ್ದವು. ದರ್ಜೆ ಏರಿದಂತೆ ಪಗಾರವೂ ಏರುತ್ತಿತ್ತು. ತರಬೇತಿಗೆ ಕೈಯಲ್ಲಿ ಎಣಿಸುವಂಥ ಬೆಲೆ ಇತ್ತು.

‘ಸಹಶಿಕ್ಷಕ’ ಎಂಬ ಪದ

ಇಂದು ಸರಕಾರಿ ಪ್ರಾಥಮಿಕ ಶಾಲೆಯ ಫಲಕದಲ್ಲಿ ಮುಖ್ಯೋಪಾಧ್ಯಾಯರ ಹೆಸರಿನ ಕೆಳಗೆ ‘ಸಹಶಿಕ್ಷಕರು’ ಎಂದು ಬರೆದಿರುವುದನ್ನು ಎಲ್ಲರೂ ನೋಡಿರುತ್ತಾರೆ. ಇದು ಹಳೆಯ ‘ಅಸಿಸ್ಟಂಟ್ ಮಾಸ್ತರ’ ಎಂಬುದರ ಕನ್ನಡ ರೂಪ. ಹೆಸರಿನಲ್ಲಿ ಸಹಾಯಕನಾದರೂ ಆತ ಪೂರ್ಣ ಪ್ರಮಾಣದ ಮಾಸ್ತರ. ಸೇವಾ ಪುಸ್ತಕ, ವೇತನ ಶ್ರೇಣಿ, ಬಡ್ತಿ, ವರ್ಗಾವಣೆ ಎಲ್ಲವೂ ಅವನಿಗುಂಟು. ಆತ ಹೆಡ್ ಮಾಸ್ತರರಿಗೆ ಸಹಾಯಕ. ಮಕ್ಕಳ ಪಾಲಿಗೆ ಆತನೇ ಮಾಸ್ತರ.

ಸಣ್ಣ ಊರುಗಳ ಸಂಕಟವೆಂದರೆ ಅಲ್ಲಿ ಸಹಾಯಕನೇ ಇರುತ್ತಿರಲಿಲ್ಲ. ಒಬ್ಬರೇ ಮಾಸ್ತರರು ನಾಲ್ಕು ಇಯತ್ತೆಗಳನ್ನು ನೋಡಿಕೊಳ್ಳುವ ಏಕೋಪಾಧ್ಯಾಯ ಶಾಲೆಗಳೇ ಹೆಚ್ಚು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯಿದೆ ಶಾಲೆಗಳ ಆಡಳಿತವನ್ನು ಸ್ಥಳೀಯ ಬೋರ್ಡುಗಳಿಗೆ ಒಪ್ಪಿಸಿದ ಮೇಲೂ ಈ ಸ್ಥಿತಿ ಬದಲಾಗಲಿಲ್ಲ. ಮಕ್ಕಳು ಶಾಲೆ ಬಿಡುವುದಕ್ಕೂ ಒಂದೇ ತರಗತಿಯಲ್ಲಿ ಕೊಳೆಯುವುದಕ್ಕೂ ಕಾರಣಗಳನ್ನು ಹುಡುಕಿದ 1929ರ ಹಾರ್ಟೋಗ್ ಸಮಿತಿ ಏಕೋಪಾಧ್ಯಾಯ ಶಾಲೆಗಳ ಕಡೆಗೂ ಬೆರಳು ತೋರಿಸಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೂ ಎರಡನೆಯ ಮಾಸ್ತರರನ್ನು ಕೊಡುವುದು ರಾಷ್ಟ್ರಮಟ್ಟದ ಗುರಿಯಾಗಲು 1986ರ ರಾಷ್ಟ್ರೀಯ ಶಿಕ್ಷಣ ನೀತಿ ಬರಬೇಕಾಯಿತು. ಮರುವರ್ಷ ಜಾರಿಗೆ ಬಂದ ‘ಕಪ್ಪುಹಲಗೆ ಕಾರ್ಯಾಚರಣೆ’ಯು ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಕನಿಷ್ಠ ಇಬ್ಬರು ಶಿಕ್ಷಕರು ಎಂಬ ನಿಯಮ ಹಾಕಿಕೊಂಡಿತ್ತು.

ಕ್ರಮ ತಲೆಕೆಳಗಾದದ್ದು

ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಚಿತ್ರ ಬದಲಾಗಿತ್ತು. ಪಿಯುಸಿ ಮುಗಿಸಿದವರು ಟಿಸಿಎಚ್ ಮಾಡಿದರೆ ಮಾಸ್ತರಿಕೆ ಖಂಡಿತ ಎಂಬ ನಂಬಿಕೆ ಹಳ್ಳಿಹಳ್ಳಿಗೂ ಹಬ್ಬಿತ್ತು. ಖಾಸಗಿ ತರಬೇತಿ ಸಂಸ್ಥೆಗಳು ಊರೂರಲ್ಲಿ ತಲೆಯೆತ್ತಿದವು. ಸರಕಾರದ ಕಡೆಯಿಂದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು ಬಂದವು. ಬೆಳಗಾವಿಯದು ನಗರದ ಮಗ್ಗುಲಲ್ಲಿರುವ ಮಣ್ಣೂರಿನಲ್ಲಿದೆ. ಡಿಪಿಇಪಿ ಎಂದೇ ಪರಿಚಿತವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ 1994ರಲ್ಲಿ ಆರಂಭವಾದಾಗ, ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. ಶಾಲೆ ಬೇಕು, ಮಾಸ್ತರರು ಬೇಕು ಎಂಬ ಉತ್ಸಾಹದ ಕಾಲ ಅದು.

ತರಬೇತಿ ಪಡೆದವರ ಸಂಖ್ಯೆ ಏರಿದ ವೇಗದಲ್ಲಿ ನೇಮಕಾತಿ ಏರಲಿಲ್ಲ. ನಿವೃತ್ತರ ಜಾಗಗಳು ವರ್ಷಗಟ್ಟಲೆ ಖಾಲಿ ಉಳಿದವು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಒಂದರಿಂದ ಐದನೆಯ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕ ಇರಬೇಕೆಂದಿತು. ಅದೇ ವರ್ಷ ಶಿಕ್ಷಕರ ಅರ್ಹತಾ ಪರೀಕ್ಷೆಯೂ ಕಡ್ಡಾಯವಾಯಿತು. ಈಗ ತರಬೇತಿ ಪ್ರಮಾಣಪತ್ರದ ಮೇಲೆ ಅರ್ಹತಾ ಪರೀಕ್ಷೆ, ಅದರ ಮೇಲೆ ನೇಮಕಾತಿ ಪರೀಕ್ಷೆ. 2022ರಲ್ಲಿ ಕರ್ನಾಟಕ ಸರಕಾರ 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಸಿತು. ಅಂಥ ದೊಡ್ಡ ನೇಮಕಾತಿಗಳ ನಡುವಿನ ಅಂತರ ಮಾತ್ರ ಉದ್ದವಾಗಿಯೇ ಉಳಿದಿದೆ.

ಈ ಅಂತರದಲ್ಲಿ ಹುಟ್ಟಿದವರೇ ಅತಿಥಿ ಶಿಕ್ಷಕರು. 2025–26ನೇ ಸಾಲಿಗೆ ರಾಜ್ಯದ ಸರಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ ಬೇಕೆಂದು ಲೆಕ್ಕ ಹಾಕಿದ ಅತಿಥಿ ಶಿಕ್ಷಕರ ಸಂಖ್ಯೆ 50 ಸಾವಿರದ ಆಸುಪಾಸಿನಲ್ಲಿತ್ತು. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10 ಸಾವಿರ ರೂಪಾಯಿ ಇದ್ದ ಗೌರವಧನಕ್ಕೆ 2 ಸಾವಿರ ಸೇರಿಸುವ ಘೋಷಣೆ 2025ರ ಮಾರ್ಚಿನ ಬಜೆಟ್ಟಿನಲ್ಲಿ ಆಯಿತು. ಬೇಸಿಗೆ ರಜೆಗೆ ಗೌರವಧನವಿಲ್ಲ. ಹತ್ತು ವರ್ಷ ಕಲಿಸಿದವರಿಗೂ ನಿನ್ನೆ ಬಂದವರಿಗೂ ಮೊತ್ತ ಒಂದೇ. ಆ ಹುದ್ದೆಗೆ ವರ್ಗವಾಗಿ ಕಾಯಂ ಶಿಕ್ಷಕರು ಬಂದರೆ ಅತಿಥಿಗಳು ಅಂದೇ ಹೊರಡಬೇಕು. ಬಂದು ಹೋಗುವವರು ಅತಿಥಿ ಎಂಬುದು ಲೋಕರೂಢಿ. ಇಲ್ಲಿ ಅತಿಥಿ ಪ್ರತಿ ಜೂನಿನಲ್ಲಿಯೂ ಹೊಸದಾಗಿ ಬರುತ್ತಾರೆ.

ಖಾನಾಪುರದ ಕಾಡಿನೊಳಗೆ

ಈ ಏರ್ಪಾಡು ಎಷ್ಟು ಅನಿವಾರ್ಯವಾಗಿದೆ ಎಂಬುದು ಬೆಳಗಾವಿ ನಗರಕ್ಕಿಂತ ಖಾನಾಪುರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಗರದಲ್ಲಿ ತರಬೇತಿ ಪಡೆದವರಿಗೆ ಖಾಸಗಿ ಶಾಲೆ, ಮನೆಪಾಠ ಎಂಬ ಬೇರೆ ಬಾಗಿಲುಗಳಿವೆ. ಅಲ್ಲಿಂದ 26 ಕಿಲೋಮೀಟರ್ ದೂರದ ಖಾನಾಪುರ ದಾಟಿ ಪಶ್ಚಿಮಕ್ಕೆ ಸಾಗಿದರೆ ಊರು ತೆಳುವಾಗುತ್ತ ಕಾಡು ದಟ್ಟವಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಈ ತಾಲ್ಲೂಕಿನದೇ. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಧಾಮದೊಳಗೆ ಗವಾಳಿ, ಪಾಸ್ತೋಳಿ, ಕೊಂಗಳಾ, ಅಮಗಾವದಂಥ ಊರುಗಳಿವೆ. ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ರೋಗಿಗಳನ್ನು ಹೊತ್ತುಕೊಂಡೇ ಹೊರಗೆ ತರಬೇಕಾದ ಸ್ಥಿತಿ ಅಲ್ಲಿಯದು. ಇಂಥ ಕಡೆ ಶಾಲೆಯ ಬಾಗಿಲು ತೆರೆಯುವುದೆಂದರೆ ಮಾಸ್ತರರು ಹಳ್ಳ ದಾಟಿ ಬಂದರೆಂದು ಅರ್ಥ.

ಭಾಷೆಯ ಲೆಕ್ಕವೂ ಇಲ್ಲಿ ಸರಳವಾಗಿಲ್ಲ. ಪಶ್ಚಿಮದ ಕಾಡಂಚಿನಲ್ಲಿ ಮನೆಮಾತು ಬಹುಮಟ್ಟಿಗೆ ಮರಾಠಿ. ಇಟಗಿ, ಬೀಡಿ ಕಡೆಗೆ ಕನ್ನಡ. ಸರಕಾರಿ ಶಾಲೆಗಳೂ ಎರಡು ಮಾಧ್ಯಮಗಳಲ್ಲಿ ನಡೆಯುತ್ತವೆ. ಕನ್ನಡ ಮಾಧ್ಯಮದಲ್ಲಿ ತರಬೇತಿ ಪಡೆದವರು ಎಷ್ಟೇ ಜನ ಕಾಯುತ್ತಿದ್ದರೂ ಮರಾಠಿ ಶಾಲೆಯ ಖಾಲಿ ಜಾಗ ತುಂಬುವುದಿಲ್ಲ. ಅದರ ತಿರುಗಾಮುರುಗಾವೂ ನಿಜ. ಚನ್ನಬಸಪ್ಪನವರ ಕಾಲದ ಪ್ರಶ್ನೆಯೇ ಇದು: ಮಗುವಿನ ಮಾತು ಬಲ್ಲ, ಕಲಿಸಲೂ ಬಲ್ಲ ಮಾಸ್ತರರು ಆ ಊರಿಗೆ ಸಿಗುವುದು ಹೇಗೆ? ಹತ್ತಿರದ ಊರಿನಲ್ಲಿಯೇ ಹುಟ್ಟಿ, ತರಬೇತಿ ಪಡೆದು, ಮನೆಯಲ್ಲಿ ಕುಳಿತಿರುವವರನ್ನು ಅತಿಥಿ ಎಂದು ಕರೆತರುವುದು ಸದ್ಯದ ಉತ್ತರ. ಕಾಯಂ ಶಿಕ್ಷಕರು ವರ್ಗಾವಣೆ ಪಡೆದು ಹೋದ ಎಷ್ಟೋ ಕಡೆ ಊರಿನ ಮಕ್ಕಳ ಹೆಸರು, ಮನೆ, ಮಾತು ಬಲ್ಲವರು ಈ ಅತಿಥಿಗಳೇ.

ಸಣ್ಣ ಶಾಲೆಯಲ್ಲಿ ಅವರ ಕೆಲಸ ಸಹಾಯಕ್ಕೆ ಸೀಮಿತವಾಗುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ‘ನಲಿ-ಕಲಿ’ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಗುಂಪುಗಳಾಗಿ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದಕ್ಕೆ ಸ್ವಂತ ಕಲಿಕೆ. ಬಳ್ಳಾರಿಯ ಕಲೆಕ್ಟರ್ ಮೆಚ್ಚಿದ ಹಳೆಯ ಕ್ರಮ ಹೊಸ ತಿಳಿವಳಿಕೆಯೊಂದಿಗೆ ಮರಳಿ ಬಂದಂತಿದೆ. ಆದರೆ ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ದಿನದಿನವೂ ನೆನಪಿಡುವ ಒಬ್ಬ ಶಿಕ್ಷಕರು ಇದ್ದರೆ ಮಾತ್ರ ಈ ಪದ್ಧತಿ ನಡೆದೀತು. ಪ್ರತಿ ವರ್ಷ ಶಿಕ್ಷಕರು ಬದಲಾದರೆ ಆ ನೆನಪೂ ಅವರ ಜೊತೆಗೆ ಹೋಗುತ್ತದೆ. ನಷ್ಟ ಅತಿಥಿ ಶಿಕ್ಷಕರದಷ್ಟೇ ಅಲ್ಲ, ಮಗುವಿನದೂ ಹೌದು.

ಕಡಿದ ಕೊಂಡಿ

ಕಲಿಕೆಯ ಸಹಾಯಕರ ಕ್ರಮವನ್ನು ವ್ಯವಸ್ಥಿತಗೊಳಿಸಿದ ಇಂಗ್ಲೆಂಡಿನಲ್ಲಿ ಇಂದು ‘ಟೀಚಿಂಗ್ ಅಸಿಸ್ಟಂಟ್’ ಎಂಬುದು ಬೇರೆಯೇ ಹುದ್ದೆ. 2003ರಲ್ಲಿ ಸರಕಾರ, ಶಾಲಾಡಳಿತಗಳು ಮತ್ತು ಬಹುಪಾಲು ಶಿಕ್ಷಕ ಸಂಘಗಳ ನಡುವೆ ಆದ ಒಪ್ಪಂದ ಅದನ್ನು ಇನ್ನಷ್ಟು ವಿಸ್ತರಿಸಿತು. ಹಿಂದೆ ಬಿದ್ದ ಮಗುವಿನ ಪಕ್ಕ ಕೂರುವುದು, ಸಣ್ಣ ಗುಂಪಿಗೆ ಓದಿಸುವುದು ಅವರ ಮುಖ್ಯ ಕೆಲಸ. ತರಗತಿಯ ಹೊಣೆ ಶಿಕ್ಷಕರದೇ. ನಮ್ಮಲ್ಲಿ ಹೆಸರು, ಸಂಬಳ, ಭದ್ರತೆ ಮೂರೂ ಸಹಾಯಕನಿಗಿಂತ ಕೆಳಗೆ. ಹೊಣೆ ಮಾತ್ರ ಪೂರ್ತಿ.

ಹಳೆಯ ಕಾಲವೆಲ್ಲ ಚೆನ್ನಾಗಿತ್ತೆಂದು ಇದರ ಅರ್ಥವಲ್ಲ. ಅಂದಿನ ಶಾಲೆಗಳಲ್ಲಿ ಹೆಣ್ಣುಮಕ್ಕಳು ವಿರಳ, ದಲಿತರ ಮಕ್ಕಳಿಗೆ ಬಾಗಿಲು ಮುಚ್ಚಿದ್ದೇ ಹೆಚ್ಚು. ಹದಿಮೂರರ ಹುಡುಗನ ಕೈಗೆ ತರಗತಿ ಕೊಡುವುದು ಇಂದು ಯಾರಿಗೂ ಒಪ್ಪಿಗೆಯಾಗದು. ಆದರೂ ಆ ಕಾಲದ ಒಂದು ವಿವೇಕವನ್ನು ಮರೆಯಬಾರದು. ಸಹಾಯಕನಾಗಿ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತಿದ್ದವು. ಆ ವರ್ಷಗಳೇ ಅವನನ್ನು ಧಾರವಾಡದ ಬಾಗಿಲಿಗೆ, ಅಲ್ಲಿಂದ ಒಂದು ಊರಿನ ಶಾಲೆಗೆ ಮುಟ್ಟಿಸುತ್ತಿದ್ದವು. ಇಂದಿನ ಅತಿಥಿ ಶಿಕ್ಷಕರ ಸಂಘಟನೆಗಳು ಸೇವಾ ಅನುಭವಕ್ಕೆ ನೇಮಕಾತಿಯಲ್ಲಿ ಬೆಲೆ ಕೊಡಿ ಎಂದು ಕೇಳುತ್ತಿರುವುದರಲ್ಲಿ ಹೊಸ ಮಾತೇನಿಲ್ಲ. 1854ರ ಸುತ್ತೋಲೆಯಲ್ಲಿದ್ದ ಸರಪಳಿಯ ಕೊನೆಯ ಕೊಂಡಿಯನ್ನೇ ಅವರು ಕೇಳುತ್ತಿದ್ದಾರೆ.

ಮಾಸ್ತರಿಕೆಯ ಓದಿಗೆ ಸೇರುವವರು ಕಡಿಮೆಯಾಗಿ ರಾಜ್ಯದಲ್ಲಿ ಎಷ್ಟೋ ಡಿ.ಇಡಿ. ಕಾಲೇಜುಗಳು ಬಾಗಿಲು ಹಾಕಿವೆ. ಮುಂದೆ ದಾರಿ ಕಾಣದ ಓದಿಗೆ ಯಾರು ತಾನೆ ಬಂದಾರು? ಇಂದು ತರಬೇತಿ ಪಡೆದು ಕಾಯುತ್ತಿರುವವರಾದರೂ ಇದ್ದಾರೆ. ಅವರೂ ಬೇಸತ್ತು ಬೇರೆ ಕೆಲಸ ಹಿಡಿದ ಮೇಲೆ, ಜೂನ್ ತಿಂಗಳಿನಲ್ಲಿ ಕರೆಯೋಣವೆಂದರೂ ಅತಿಥಿಗಳು ಸಿಗಲಿಕ್ಕಿಲ್ಲ. ಆಗ ಮಳೆಯಲ್ಲಿ ಹಳ್ಳ ದಾಟಿ ಕಾಡಂಚಿನ ಶಾಲೆಯ ಬೀಗ ತೆಗೆಯುವವರು ಯಾರೆಂಬುದನ್ನು ಈಗಲೇ ಯೋಚಿಸುವುದು ಒಳ್ಳೆಯದು.